ಗಿಣಿಗೇರಾದಿಂದ 1520ಕ್ಕೆ: ಕಾಲಯಾನದ ಕಥೆಯನ್ನು ನಾವು ಹೇಗೆ ನಂಬುತ್ತೇವೆ, ಫಾರ್ವರ್ಡನ್ನು ಯಾಕೆ ನಂಬುತ್ತೇವೆ?

ಈ ಮೆಸೇಜ್ ನಿಮ್ಮ ಮೊಬೈಲಿಗೂ ಒಮ್ಮೆಯಾದರೂ ಬಂದಿರಬಹುದು. ಅಫ್ಘಾನಿಸ್ತಾನದ ಒಂದು ಗುಹೆಯಲ್ಲಿ ಮಹಾಭಾರತ ಕಾಲದ, 5000 ವರ್ಷ ಹಳೆಯ ವಿಮಾನ ಸಿಕ್ಕಿದೆಯಂತೆ. ಅದನ್ನು ಹೊರತೆಗೆಯಲು ಹೋದ ಅಮೆರಿಕದ 8 ಸೈನಿಕರು ಅಲ್ಲೇ ಮಾಯವಾದರಂತೆ. ಯಾಕೆಂದರೆ ವಿಮಾನದ ಸುತ್ತ ‘ಟೈಮ್ ವೆಲ್’, ಅಂದರೆ ಕಾಲದ ಬಾವಿ ಇದೆಯಂತೆ. ದೊಡ್ಡ ದೇಶಗಳ ನಾಯಕರೆಲ್ಲ ಗುಟ್ಟಾಗಿ ಅಲ್ಲಿಗೆ ಓಡಿದರಂತೆ. ಕೊನೆಗೆ ಎಂದಿನ ಸಾಲು: ಎಲ್ಲರಿಗೂ ಕಳಿಸಿ.

ಹತ್ತು ವರ್ಷಕ್ಕೂ ಮೇಲಿನಿಂದ ಓಡಾಡುತ್ತಿರುವ ಈ ಮೆಸೇಜ್ ಸುಳ್ಳು. ಗುಹೆ ಯಾವುದು, ಸೈನಿಕರು ಯಾರು, ಯಾವ ದಿನ ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಭೌತಶಾಸ್ತ್ರದಲ್ಲಿ ‘ಗ್ರಾವಿಟಿ ವೆಲ್’ ಎಂಬ ಮಾತು ಇದೆ. ಅದರ ಅಂಗಿ ಹಾಕಿಕೊಂಡ ‘ಟೈಮ್ ವೆಲ್’ ಎಂಬುದು ಇಲ್ಲ.

ಸುಳ್ಳು ಎಂದು ಹೇಳಿ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಮಗೆ ಕುತೂಹಲ ಇರುವುದು ಬೇರೆ ಕಡೆ. ಓದಿದ ಬುದ್ಧಿವಂತರೂ ಇದನ್ನು ಕಳಿಸುತ್ತಾರೆ. ಇದೇ ಸರಕನ್ನು ಸಿನಿಮಾದವರು ತೋರಿಸಿದರೆ ನಾವು ಎರಡೂವರೆ ಗಂಟೆ ಕೂತು ನೋಡಿ, ಚಪ್ಪಾಳೆ ಹೊಡೆದು, ಮನೆಗೆ ಬಂದು ಊಟ ಮಾಡುತ್ತೇವೆ. ಆ ಸಿನಿಮಾದ ಯಂತ್ರ ನಿಜವಾಗಿ ಎಲ್ಲಿದೆ ಎಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಸರಕು ಒಂದೇ ಇದ್ದರೂ ಕಟ್ಟುವ ರೀತಿಯಲ್ಲಿ ವ್ಯತ್ಯಾಸ ಇದೆ. ಅದು ಗೊತ್ತಾಗಬೇಕಾದರೆ ನಾವೇ ಒಂದು ಕಥೆ ಕಟ್ಟಿ ನೋಡುವುದು ಒಳ್ಳೆಯದು.

ಒಂದು ಸುಳ್ಳು, ನೂರು ನಿಜ

ಗಿಣಿಗೇರಾ ಕೊಪ್ಪಳದ ಪಕ್ಕದ ಊರು. ಹುಬ್ಬಳ್ಳಿ–ಗುಂತಕಲ್ ರೈಲು ಮಾರ್ಗದಿಂದ ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆಗೆ ಹೊಸ ಮಾರ್ಗ ಕವಲೊಡೆಯುವುದು ಇಲ್ಲಿಯೇ. ನಮ್ಮ ಕಥೆಯ ಹುಡುಗ ಬಸವರಾಜ ಎಂದಿಟ್ಟುಕೊಳ್ಳೋಣ. ಗಿಣಿಗೇರಾದಲ್ಲಿ ರೈಲು ಹತ್ತಿ ಗಂಗಾವತಿಯಲ್ಲಿ ಇಳಿಯುತ್ತಾನೆ, ಆಟೊ ಹಿಡಿದು ಆನೆಗೊಂದಿಗೆ ಬರುತ್ತಾನೆ. ಹರಿಗೋಲಿನಲ್ಲಿ ಕೂತು ತುಂಗಭದ್ರೆ ದಾಟುವಾಗ, ನಡುಹೊಳೆಯಲ್ಲಿ, 1520ರ ಮೇ ತಿಂಗಳಿಗೆ ಹೋಗಿಬಿಡುತ್ತಾನೆ.

ಇದೊಂದೇ ಸುಳ್ಳು. ಓದುಗರು ಇದನ್ನು ಒಪ್ಪಿಕೊಳ್ಳುತ್ತಾರೆ, ಕಥೆ ಎಂದರೆ ಒಂದು ಸುಳ್ಳಿಗೆ ರಿಯಾಯಿತಿ ಇದ್ದೇ ಇರುತ್ತದೆ. ಇದರ ನಂತರ ಬರುವುದೆಲ್ಲ ನಿಜ ಇರಬೇಕು, ಇಲ್ಲದಿದ್ದರೆ ಕಥೆ ಬಿದ್ದುಹೋಗುತ್ತದೆ.

ಮೊದಲನೆಯದಾಗಿ, ಬಸವರಾಜನಿಗೆ ತಕ್ಷಣ ಏನೂ ಗೊತ್ತಾಗಬಾರದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿ ಜನ ಹೊಳೆ ದಾಟುವುದು ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳಲ್ಲಿ ಎಂದು ಬರೆದಿದ್ದಾನೆ. ಅಂದರೆ ಹರಿಗೋಲು ಆಗಲೂ ಇತ್ತು. ಹತ್ತಿದ್ದು ಹರಿಗೋಲು, ಇಳಿದದ್ದೂ ಹರಿಗೋಲು. ಕಾಲ ಬದಲಾದದ್ದು ಗೊತ್ತಾಗುವುದು ಮೊಬೈಲ್ ನೋಡಿದಾಗ. ಸಿಗ್ನಲ್ ಇಲ್ಲ, ಅದು ಅವನಿಗೆ ಹೊಸದಲ್ಲ. ಆದರೆ ಮ್ಯಾಪಿನ ನೀಲಿ ಚುಕ್ಕೆಯೂ ಇಲ್ಲ. ಆಕಾಶದಲ್ಲಿ ಉಪಗ್ರಹಗಳೇ ಇಲ್ಲದ ಮೇಲೆ ಚುಕ್ಕೆ ಎಲ್ಲಿಂದ ಬರಬೇಕು?

ಅವನಿಗೆ ಹಸಿವಾಗುತ್ತದೆ. ಮಿರ್ಚಿ ಮಂಡಕ್ಕಿ ಕೇಳುತ್ತಾನೆ. ಮಂಡಕ್ಕಿ ಸಿಗಬಹುದು, ಮಿರ್ಚಿ ಸಿಗುವುದಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವಾ ಹಿಡಿದದ್ದು 1510ರಲ್ಲಿ. ಅಷ್ಟರೊಳಗೆ ಅದು ಆನೆಗೊಂದಿಯ ಬಜಾರಿನ ಬಾಣಲೆಗೆ ಬಿದ್ದಿರಲಿಕ್ಕಿಲ್ಲ. ಶೇಂಗಾ, ಟೊಮ್ಯಾಟೊ, ಆಲೂಗಡ್ಡೆ, ಮೆಕ್ಕೆಜೋಳ ಕೂಡ ಅದೇ ಕಡೆಯವು. ಜೋಳದ ರೊಟ್ಟಿ ಸಿಗುತ್ತದೆ, ಶೇಂಗಾ ಚಟ್ನಿ ಇಲ್ಲ. ಗಂಗಾವತಿ ಸುತ್ತ ಇಂದು ಕಣ್ಣು ಹಾಯುವವರೆಗೆ ಕಾಣುವ ಭತ್ತದ ಗದ್ದೆಯೂ ಇಲ್ಲ. ಅದು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ಕೊಡುಗೆ. ವಿಜಯನಗರದವರು ಕಟ್ಟಿದ ಕಾಲುವೆಗಳ ಬದಿಗೆ ಮಾತ್ರ ಹಸಿರು, ಉಳಿದದ್ದು ಒಣಬೇಸಾಯದ ಹೊಲ.

ಈಗ ಯಾರನ್ನಾದರೂ ಕೇಳಬೇಕು: “ಯಜಮಾನ್ರ, ಇದು ಯಾವ ವರ್ಷ ರೀ?” ಇಲ್ಲಿಯೇ ಹೆಚ್ಚಿನ ಕಥೆಗಾರರು ಎಡವುತ್ತಾರೆ. ಯಜಮಾನರು “1520” ಎಂದುಬಿಡುತ್ತಾರೆ! ಅವರಿಗೆ ಆ ಲೆಕ್ಕವೇ ಗೊತ್ತಿಲ್ಲ. ಅವರು ಹೇಳುವುದು “ವಿಕ್ರಮ ಸಂವತ್ಸರ” ಎಂದು. ಶಾಸನದವರನ್ನು ಕೇಳಿದರೆ ಶಕ 1442 ಎಂದಾರು. ಸಂವತ್ಸರದ ಚಕ್ರ 60 ವರ್ಷಕ್ಕೊಮ್ಮೆ ತಿರುಗುತ್ತದೆ. ವಿಕ್ರಮ ಸಂವತ್ಸರ 1460ರಲ್ಲೂ ಬಂದಿತ್ತು, 1580ರಲ್ಲೂ ಬಂತು, ಈಚೆಗೆ 2000–01ರಲ್ಲೂ ಬಂದಿತ್ತು. ಉತ್ತರ ಸಿಕ್ಕರೂ ಹುಡುಗನಿಗೆ ತಾನು ಯಾವ ಕಾಲದಲ್ಲಿದ್ದೇನೆ ಎಂದು ಗೊತ್ತಾಗುವುದಿಲ್ಲ. ಕಾಲಯಾನದ ಕಥೆ ಬರೆಯುವವರಿಗೆ ಇಂಥ ಒಗಟು ನಮ್ಮ ಪಂಚಾಂಗದಲ್ಲೇ ಪುಕ್ಕಟೆ ಸಿಗುತ್ತದೆ. ಆದರೂ ಅದನ್ನು ಬಿಟ್ಟು ಹಾಲಿವುಡ್ಡಿನ ಮಿನುಗುವ ನೀಲಿ ಬಾಗಿಲಿಗೇ ಜೋತುಬೀಳುತ್ತಾರೆ, ಯಾಕೋ.

ಇನ್ನೊಂದು. ಅದೇ ಮೇ ತಿಂಗಳಲ್ಲಿ ಕೃಷ್ಣದೇವರಾಯನ ಸೈನ್ಯ ರಾಯಚೂರು ಕೋಟೆಗಾಗಿ ಬಿಜಾಪುರದ ಸುಲ್ತಾನನ ಜೊತೆ ಯುದ್ಧದಲ್ಲಿತ್ತು. ಅರಮನೆಯ ಬಾಗಿಲಲ್ಲಿ ರಾಯನೇ ಎದುರಾದರೆ ಗೊತ್ತಿದ್ದ ಓದುಗರು ಪುಸ್ತಕ ಮುಚ್ಚುತ್ತಾರೆ. ಬಸವರಾಜನ ಮೊಬೈಲಿನ ಗಡಿಯಾರದ ಕಡೆಗೂ ಗಮನ ಕೊಡಿ. ಅದು ತೋರಿಸುವುದು 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನ. ಅದು 82.5 ಡಿಗ್ರಿ ರೇಖಾಂಶದ್ದು, ನಾವು ಇರುವುದು 76 ಡಿಗ್ರಿ ಆಸುಪಾಸು. ಹಾಗಾಗಿ ಗಿಣಿಗೇರಾದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 20–25 ನಿಮಿಷಕ್ಕೆ. 1520ರ ಜನ ನೆರಳು ನೋಡಿ ಮಧ್ಯಾಹ್ನ ಎನ್ನುವಾಗ ಹುಡುಗನ ಮೊಬೈಲ್ ತಕರಾರು ಮಾಡುತ್ತಿರುತ್ತದೆ.

ಸಿಂಗೀತಂ ಶ್ರೀನಿವಾಸ ರಾವ್ ಅವರು ಇದೇ ಹಾದಿಯಲ್ಲಿ ಮೊದಲೇ ಹೋಗಿಬಂದಿದ್ದಾರೆ. ಡಾ. ರಾಜ್‌ಕುಮಾರ್ ಅವರ ‘ಹಾಲು ಜೇನು’ ನಿರ್ದೇಶಿಸಿದವರೂ ಇವರೇ. 1991ರ ಅವರ ತೆಲುಗು ಸಿನಿಮಾ ‘ಆದಿತ್ಯ 369’ರಲ್ಲಿ ಯಂತ್ರ ಹೋಗುವುದು 1526ರ ವಿಜಯನಗರಕ್ಕೆ, ಆಮೇಲೆ 2504ಕ್ಕೆ. 2024ರ ಕನ್ನಡದ ‘ಬ್ಲಿಂಕ್’ ಯಂತ್ರದ ಗೊಡವೆಯನ್ನೇ ಬಿಟ್ಟು ಕಣ್ಣು ಮಿಟುಕಿಸುವುದಕ್ಕೆ ಕಾಲಯಾನವನ್ನು ಗಂಟುಹಾಕಿತು. ಕಣ್ಣು ಮಿಟುಕಿಸದೆ ಎಷ್ಟು ಹೊತ್ತು ಇರಬಹುದು ಎಂದು ಪ್ರತಿಯೊಬ್ಬರಿಗೂ ಮೈಯಲ್ಲೇ ಗೊತ್ತು. ಆ ಕಷ್ಟ ನಿಜ ಇರುವುದರಿಂದ ಉಳಿದದ್ದನ್ನು ಒಪ್ಪುವುದು ಸುಲಭ.

ವಿಜ್ಞಾನ ಎಲ್ಲಿಯವರೆಗೆ ಬರುತ್ತದೆ?

ಮುಂದಕ್ಕೆ ಹೋಗುವ ಕಾಲಯಾನ ಸುಳ್ಳಲ್ಲ. ವೇಗ ಹೆಚ್ಚಾದಂತೆ ಗಡಿಯಾರ ನಿಧಾನ ಎಂದು ಐನ್‌ಸ್ಟೈನ್ ಹೇಳಿದ್ದು 1905ರಲ್ಲಿ. ಗುರುತ್ವ ಹೆಚ್ಚಿದ್ದ ಕಡೆಯೂ ಗಡಿಯಾರ ನಿಧಾನ. 1971ರಲ್ಲಿ ಹಫೇಲ್ ಮತ್ತು ಕೀಟಿಂಗ್ ಎಂಬ ಇಬ್ಬರು ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿ ಸುತ್ತಿ ಬಂದರು. ಪೂರ್ವಕ್ಕೆ ಸುತ್ತಿದಾಗ ಗಡಿಯಾರ ಸುಮಾರು 59 ನ್ಯಾನೊಸೆಕೆಂಡ್ ಹಿಂದೆ ಬಿತ್ತು, ಪಶ್ಚಿಮಕ್ಕೆ ಸುತ್ತಿದಾಗ ಸುಮಾರು 273 ನ್ಯಾನೊಸೆಕೆಂಡ್ ಮುಂದೆ ಹೋಯಿತು. ಒಟ್ಟು 879 ದಿನ ಬಾಹ್ಯಾಕಾಶದಲ್ಲಿದ್ದ ರಷ್ಯಾದ ಗೆನ್ನಾಡಿ ಪದಾಲ್ಕ ನಮಗಿಂತ ಸೆಕೆಂಡಿನ ಸುಮಾರು ಐವತ್ತನೇ ಒಂದು ಭಾಗದಷ್ಟು ಭವಿಷ್ಯಕ್ಕೆ ಹೋಗಿದ್ದಾರೆ. ಕಾಲಯಾನಿ ಎಂದು ಯಾರನ್ನಾದರೂ ಕರೆಯುವುದಾದರೆ ಅವರನ್ನೇ ಕರೆಯಬೇಕು.

ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಇದೇ ವಿಷಯ ಇದೆ. ಜಿಪಿಎಸ್ ಉಪಗ್ರಹಗಳ ಗಡಿಯಾರ ವೇಗದಿಂದಾಗಿ ದಿನಕ್ಕೆ 7 ಮೈಕ್ರೊಸೆಕೆಂಡ್ ನಿಧಾನ, ಎತ್ತರದಲ್ಲಿ ಗುರುತ್ವ ಕಡಿಮೆ ಇರುವುದರಿಂದ 45 ಮೈಕ್ರೊಸೆಕೆಂಡ್ ಬೇಗ. ಒಟ್ಟಿನಲ್ಲಿ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಮ್ಯಾಪ್ 10 ಕಿಲೊಮೀಟರಿಗೂ ಹೆಚ್ಚು ತಪ್ಪುತ್ತದೆ. ಹೆಚ್ಚೂಕಡಿಮೆ ಗಿಣಿಗೇರಾದಲ್ಲಿ ನಿಂತವರನ್ನು ಕೊಪ್ಪಳದಲ್ಲಿ ತೋರಿಸಿದಂತೆ.

ಹಿಂದಕ್ಕೆ ಹೋಗುವುದು ಬೇರೆ ಮಾತು. ಸಮೀಕರಣಗಳು ಅದಕ್ಕೆ ಪೂರ್ತಿ ಬಾಗಿಲು ಮುಚ್ಚಿಲ್ಲ. ಆದರೆ ಯಾವ ಪ್ರಯೋಗದಲ್ಲೂ ಒಂದು ಕ್ಷಣದಷ್ಟೂ ಹಿಂದೆ ಹೋದದ್ದು ಕಂಡಿಲ್ಲ. ಕಥೆಗಾರರು ಓಡಾಡುವುದು ಇದೇ ಖಾಲಿ ಜಾಗದಲ್ಲಿ. ಒಳ್ಳೆಯವರು ಬೇಲಿ ಎಲ್ಲಿದೆ ಎಂದು ಕೇಳಿಕೊಂಡು ಓಡಾಡುತ್ತಾರೆ. ಕಾರ್ಲ್ ಸೇಗನ್ ‘ಕಾಂಟ್ಯಾಕ್ಟ್’ ಕಾದಂಬರಿ ಬರೆಯುವಾಗ ತನ್ನ ನಾಯಕಿಯನ್ನು ಕಪ್ಪುಕುಳಿಯ ಮೂಲಕ ದೂರ ಕಳಿಸುವ ಯೋಚನೆಯಲ್ಲಿದ್ದರು. ಭೌತವಿಜ್ಞಾನಿ ಕಿಪ್ ಥಾರ್ನ್ ಅವರನ್ನು ಕೇಳಿದಾಗ, ಅದು ಆಗದು, ವರ್ಮ್‌ಹೋಲ್ ಬಳಸಿ ಎಂದರು. ಕಾದಂಬರಿ 1985ರಲ್ಲಿ ಬಂತು. ಆ ಪ್ರಶ್ನೆಯನ್ನೇ ಬೆನ್ನುಹತ್ತಿ ಥಾರ್ನ್ ಮತ್ತು ಅವರ ವಿದ್ಯಾರ್ಥಿ 1988ರಲ್ಲಿ ವರ್ಮ್‌ಹೋಲ್ ಬಗ್ಗೆ ಗಂಭೀರ ಸಂಶೋಧನಾ ಲೇಖನವನ್ನೇ ಬರೆದರು. ಮುಂದೆ 2014ರ ‘ಇಂಟರ್‌ಸ್ಟೆಲ್ಲರ್’ ಸಿನಿಮಾದಲ್ಲಿ ಒಂದು ಗ್ರಹದ ಮೇಲಿನ 1 ಗಂಟೆ ಭೂಮಿಯ 7 ವರ್ಷಕ್ಕೆ ಸಮ ಎಂದು ತೋರಿಸಬೇಕಾದಾಗ, ಕಪ್ಪುಕುಳಿ ತನ್ನ ಗರಿಷ್ಠ ಮಿತಿಯ ತೀರಾ ಹತ್ತಿರದ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಸಾಧ್ಯ ಎಂದು ಲೆಕ್ಕ ಹಾಕಿ ಕೊಟ್ಟವರೂ ಅವರೇ. ಸಿನಿಮಾದಲ್ಲಿ ಆ 7 ವರ್ಷಕ್ಕೆ ಬೆಲೆ ತೆರಬೇಕಾಗುತ್ತದೆ, ತಂದೆ ಹಿಂತಿರುಗುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿರುತ್ತಾರೆ. ನಮಗೆ ಲೆಕ್ಕ ಅರ್ಥವಾಗದಿದ್ದರೂ ಆ ಬೆಲೆ ಅರ್ಥವಾಗುತ್ತದೆ.

ಕಪ್ಪುಕುಳಿಯ ಮಾತು ಬಂದಾಗ ಕನ್ನಡಿಗರು ನೆನೆಯಬೇಕಾದ ಹೆಸರು ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿಗೆ ಪೆಟ್ಟು ಬಿದ್ದರೆ ಅದು ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆ ಎಂದು 1970ರಲ್ಲಿ ಲೆಕ್ಕದಲ್ಲಿ ತೋರಿಸಿದವರು, ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರು. ಆಗ ಅದು ಬರೀ ಕಾಗದದ ಮೇಲಿನ ಊಹೆ. 2015ರ ಸೆಪ್ಟೆಂಬರಿನಲ್ಲಿ ಎರಡು ಕಪ್ಪುಕುಳಿಗಳು ಸೇರಿದ ಅಲೆಯನ್ನು ಲೈಗೊ ಉಪಕರಣ ಹಿಡಿದಾಗ ಅದರ ಕೊನೆಯಲ್ಲಿ ಇದ್ದದ್ದು ಅಂಥದೇ ಮಿಡಿತ. ಊಹೆ ಎಂದರೆ ಬಾಯಿಗೆ ಬಂದದ್ದಲ್ಲ. ತಪ್ಪಾಗಿದ್ದರೆ ಎಲ್ಲಿ ತಪ್ಪಾಗುತ್ತದೆ ಎಂದು ಮೊದಲೇ ತೋರಿಸಿಕೊಡುವ ಊಹೆಗೆ ಮಾತ್ರ ವಿಜ್ಞಾನದಲ್ಲಿ ಜಾಗ.

ಜಯಂತ ನಾರಳೀಕರ್ ಸ್ವತಃ ಖಗೋಳವಿಜ್ಞಾನಿ, ಮರಾಠಿಯ ಕಥೆಗಾರ. ಅವರ ಒಂದು ಕಥೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿದೆ. ಇತಿಹಾಸದ ಪ್ರೊಫೆಸರ್ ಒಬ್ಬರು, ಮರಾಠರು 1761ರ ಪಾಣಿಪತ್ ಯುದ್ಧ ಗೆದ್ದ ಬೇರೊಂದು ಜಗತ್ತಿಗೆ ಹೋಗಿಬರುತ್ತಾರೆ. ಬದಲಾವಣೆ ಎಷ್ಟು ಸಣ್ಣದು ನೋಡಿ: ವಿಶ್ವಾಸರಾಯನಿಗೆ ತಗಲಬೇಕಿದ್ದ ಗುಂಡು ಕಿವಿಯ ಪಕ್ಕದಲ್ಲಿ ಹಾದುಹೋಯಿತು, ಅಷ್ಟೆ. ಕೊನೆಯಲ್ಲಿ ಕ್ವಾಂಟಮ್ ವಿವರಣೆ ಬರುತ್ತದೆ. ಅದನ್ನು ಹೇಳುವ ಪಾತ್ರ, ಇದು ಊಹೆ ಎಂಬ ಎಚ್ಚರದಲ್ಲೇ ಹೇಳುತ್ತದೆ. ಅದಕ್ಕೇ ಆ ಕಥೆಯ ಮೇಲೆ ನಮಗೆ ಇಷ್ಟು ಗೌರವ.

ರೇವತಿಯ ಮದುವೆ ಮತ್ತು ಐನ್‌ಸ್ಟೈನ್

ಭಾಗವತದಲ್ಲಿ ಕಕುದ್ಮಿ ಎಂಬ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಗಂಧರ್ವರ ಹಾಡು ಮುಗಿಯುವವರೆಗೆ ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಕೇಳಿದರೆ ಬ್ರಹ್ಮ ನಗುತ್ತಾನೆ: ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿವೆ, ನೀನು ಮನಸ್ಸಿನಲ್ಲಿಟ್ಟುಕೊಂಡ ವರರ ಹೆಸರೂ ಈಗ ಉಳಿದಿಲ್ಲ. ಕೊನೆಗೆ ರೇವತಿಯ ಮದುವೆ ಬಲರಾಮನ ಜೊತೆ ಆಗುತ್ತದೆ.

ಇದನ್ನು ಹಿಡಿದು ‘ಐನ್‌ಸ್ಟೈನ್‌ಗಿಂತ ಮೊದಲೇ ನಮಗೆ ಸಾಪೇಕ್ಷತೆ ಗೊತ್ತಿತ್ತು’ ಎಂಬ ಫಾರ್ವರ್ಡ್ ಬರುತ್ತದೆ. ನಮ್ಮ ಮಟ್ಟಿಗೆ ಇದು ಪುರಾಣಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಐನ್‌ಸ್ಟೈನ್ ಕೊಟ್ಟದ್ದು ‘ಕಾಲ ಬೇರೆ ಬೇರೆ’ ಎಂಬ ಮಾತನ್ನಲ್ಲ, ಇಷ್ಟು ವೇಗಕ್ಕೆ ಇಷ್ಟು ವ್ಯತ್ಯಾಸ ಎಂಬ ಸೂತ್ರವನ್ನು. ಆ ಸೂತ್ರ ಇದ್ದದ್ದಕ್ಕೇ 38 ಮೈಕ್ರೊಸೆಕೆಂಡ್ ಲೆಕ್ಕ ಸಿಕ್ಕಿತು. ಭಾಗವತ ಅದನ್ನು ಹೇಳಲು ಹೊರಟೇ ಇಲ್ಲ. ಅದು ಹೇಳಿದ್ದು, ಮಗಳಿಗೆ ಅತಿ ಯೋಗ್ಯ ವರ ಹುಡುಕುತ್ತಾ ತಂದೆಗೆ ಕಾಲವೇ ಜಾರಿಹೋದ ಕಥೆ. ಕಾಲಯಾನದ ಬೆಲೆಯನ್ನು ಇಷ್ಟು ಚೆನ್ನಾಗಿ ಹೇಳಿದ ಕಥೆಗೆ ಭೌತಶಾಸ್ತ್ರದ ಸರ್ಟಿಫಿಕೇಟ್ ಬೇಕಾಗಿಲ್ಲ.

ವಿಜ್ಞಾನದ ವೇಷ

‘ಟೈಮ್ ವೆಲ್’ ಮೆಸೇಜಿನ ವಿಮಾನಕ್ಕೆ ಹೋಲುವ ಒಂದು ಪುಸ್ತಕ ನಮ್ಮ ರಾಜ್ಯದ್ದೇ. ‘ವೈಮಾನಿಕ ಶಾಸ್ತ್ರ’ ಭರದ್ವಾಜ ಮುನಿಯದು ಎಂದು ಹೇಳಲಾಗುತ್ತದೆ. ಅದನ್ನು ಹೇಳಿ ಬರೆಸಿದವರು ಸುಬ್ಬರಾಯ ಶಾಸ್ತ್ರಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ ಮೊದಲಾದವರು, ಅದನ್ನು ಕೂತು ಓದಿದರು. ಗೇಲಿ ಮಾಡಿ ಬಿಡಲಿಲ್ಲ. ಭಾಷೆಯ ರೀತಿ ನೋಡಿದರು, ಬರೆಸಿದವರ ಹಿನ್ನೆಲೆ ಕೆದಕಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಆಕಾರ, ತೂಕ ಲೆಕ್ಕ ಹಾಕಿದರು. ಪುಸ್ತಕ 20ನೇ ಶತಮಾನದ ಆರಂಭದ್ದು, ಅದರಲ್ಲಿನ ಯಾವ ವಿಮಾನವೂ ಹಾರಲಾರದು ಎಂಬುದು ಅವರ ತೀರ್ಮಾನ. ಲೋಹದ ಹೆಸರು, ಅಳತೆ, ಎಂಜಿನಿಯರಿಂಗ್ ನಕ್ಷೆ ಎಲ್ಲ ಅಲ್ಲಿದ್ದವು. ಓದುವವರನ್ನು ನಂಬಿಸಿದ್ದು ಇವೇ, ಹಾರಲು ಬೇಕಾದ ಲೆಕ್ಕ ಮಾತ್ರ ಇರಲಿಲ್ಲ.

ಕೆಲವೊಮ್ಮೆ ವೇಷ ತೊಡಿಸುವವರು ಸುದ್ದಿಯವರೇ. 2020ರ ಮೇ ತಿಂಗಳು, ಲಾಕ್‌ಡೌನ್. ‘ಕಾಲ ಹಿಂದಕ್ಕೆ ಓಡುವ ಸಮಾನಾಂತರ ಜಗತ್ತನ್ನು ನಾಸಾ ಪತ್ತೆಹಚ್ಚಿದೆ’ ಎಂಬ ಸುದ್ದಿ ಎಲ್ಲ ಗ್ರೂಪುಗಳಲ್ಲೂ ಓಡಿತು. ನಿಜದಲ್ಲಿ ಇದ್ದದ್ದು ಅನೀಟಾ ಎಂಬ ಪ್ರಯೋಗ. ಅಂಟಾರ್ಕ್ಟಿಕದ ಮೇಲೆ ಬಲೂನಿನಲ್ಲಿ ಆಂಟೆನಾ ಹಾರಿಸಿ, ನ್ಯೂಟ್ರಿನೊ ಕಣಗಳಿಂದ ಬರುವ ರೇಡಿಯೊ ಸದ್ದು ಹಿಡಿಯುವ ಕೆಲಸ. ಒಂದೆರಡು ಸಂಕೇತ ಮಂಜಿನ ಕೆಳಗಿನಿಂದ ಬಂದಂತೆ ಕಂಡು ವಿಜ್ಞಾನಿಗಳು ತಲೆ ಕೆರೆದುಕೊಂಡರು. ಅದನ್ನು ವಿವರಿಸಲು ಇಟ್ಟ ಹಲವು ಊಹೆಗಳಲ್ಲಿ ಒಂದು, ಬಹಳ ದೂರದ್ದು, ಇನ್ನೊಂದು ಜಗತ್ತಿನದು. ಪ್ರಯೋಗ ತಂಡ ಅಂಥದ್ದೇನೂ ಪತ್ತೆಯಾಗಿದೆ ಎಂದು ಹೇಳಿರಲಿಲ್ಲ.

ಅದೇ ವರ್ಷದ ಇನ್ನೊಂದು ಫಾರ್ವರ್ಡ್: ಡೀನ್ ಕೂಂಟ್ಜ್ 1981ರ ಕಾದಂಬರಿಯಲ್ಲೇ ಕೊರೊನಾ ಬಗ್ಗೆ ‘ವುಹಾನ್-400’ ಎಂದು ಬರೆದಿದ್ದರು, ಅವರಿಗೆ ಭವಿಷ್ಯ ಗೊತ್ತಿತ್ತು! 1981ರ ಪುಸ್ತಕದಲ್ಲಿ ಇದ್ದದ್ದು ರಷ್ಯಾದ ಊರಿನ ಹೆಸರಿನ ‘ಗೋರ್ಕಿ-400’. ಮುಂದಿನ ಆವೃತ್ತಿಯಲ್ಲಿ ಅದು ವುಹಾನ್ ಆಯಿತು. ಕಥೆಯ ರೋಗ ತಗಲಿದವರನ್ನೆಲ್ಲ ಒಂದೇ ದಿನದೊಳಗೆ ಕೊಲ್ಲುತ್ತದೆ, ಕೊರೊನಾ ಹಾಗಲ್ಲ. ಕಾದಂಬರಿಕಾರ ಕಥೆ ಎಂದೇ ಮಾರಿದ್ದ. ಪುಟದ ಫೋಟೊ ತೆಗೆದು, ಮುಖಪುಟ ಕಿತ್ತು, ಅದನ್ನು ‘ಸತ್ಯ’ ಮಾಡಿದವರು ಬೇರೆ. ಸಿನಿಮಾ, ಕಾದಂಬರಿ ಜನರ ತಲೆ ಕೆಡಿಸುತ್ತವೆ ಎಂಬ ವಾದ ನಮಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

ಬಸವರಾಜನ ಕಥೆಯಲ್ಲಿ ಒಂದು ಸುಳ್ಳು, ಸುತ್ತ ನೂರು ನಿಜ. ಸುಳ್ಳು ಯಾವುದೆಂದು ನಾವೇ ಬೆರಳಿಟ್ಟು ತೋರಿಸಿದೆವು. ಫಾರ್ವರ್ಡಿನಲ್ಲಿ ಇದು ತಿರುವುಮುರುವು. ಅನೀಟಾ ಎಂಬ ಒಂದು ನಿಜ, ಸುತ್ತ ಸುಳ್ಳು, ಯಾವುದು ಯಾವುದೆಂದು ತೋರಿಸುವವರಿಲ್ಲ.

ಕಲ್ಲಿನ ಕಿಂಡಿ

ಇದು ಬರೀ ರಂಜನೆಯ ಮಾತಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಚಪ್ಪಡಿ ನಿಲ್ಲಿಸಿ ಮಾಡಿದ ಪುಟ್ಟ ಮನೆಯಂಥ ಕಟ್ಟಡಗಳು, ಕೆಲವಕ್ಕೆ ದುಂಡನೆಯ ಕಿಂಡಿ. ಹೊಡೆದರೆ ನಗಾರಿಯಂತೆ ದೂರದವರೆಗೆ ಕೇಳುವ ದೊಡ್ಡ ಬಂಡೆಯೂ ಇದೆ. ಸುತ್ತಲಿನ ಜನ ಇದನ್ನು ಕುಳ್ಳರಾದ ಮೋರ್ಯರು ಕಟ್ಟಿದ ಮನೆಗಳು ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಈ ಜಾಗ ಸೇರಿತು.

ಇದರ ಮೇಲೆ ‘ಕಾಲದ ಬಾಗಿಲು’ ಎಂಬ ಫಾರ್ವರ್ಡ್ ಕಟ್ಟಲು ಎರಡು ನಿಮಿಷ ಸಾಕು. ದುಂಡು ಕಿಂಡಿ, ಸದ್ದು ಮಾಡುವ ಬಂಡೆ, ಯುನೆಸ್ಕೊ ಹೆಸರು, ಹೆಸರಿಲ್ಲದ ಒಬ್ಬ ವಿದೇಶಿ ವಿಜ್ಞಾನಿ, ‘ಮಾಧ್ಯಮ ಮುಚ್ಚಿಟ್ಟಿದೆ’ ಎಂಬ ಒಗ್ಗರಣೆ. ಪೂರ್ತಿ ಬರೆದು ತೋರಿಸುವುದಿಲ್ಲ. ಸ್ಕ್ರೀನ್‌ಶಾಟ್ ಆಗಿ ನಾಳೆ ನಮಗೇ ವಾಪಸ್ ಬರುತ್ತದೆ.

ಅದು ಬಂದರೆ ಏನಾಗುತ್ತದೆ ಎಂದು ಊಹಿಸಲು ದೂರ ಹೋಗಬೇಕಿಲ್ಲ. ಅದೇ ತಾಲೂಕಿನ ಆನೆಗೊಂದಿಯಲ್ಲಿ, ಹೊಳೆ ನಡುವಿನ ನವವೃಂದಾವನ ಗಡ್ಡೆಯಲ್ಲಿ, 2019ರ ಜುಲೈನಲ್ಲಿ ನಿಧಿ ಇದೆ ಎಂದು ನಂಬಿದವರು ರಾತ್ರಿ ಹೋಗಿ ವ್ಯಾಸರಾಜರ ವೃಂದಾವನವನ್ನು ಒಡೆದು ಅಗೆದರು. ಕೃಷ್ಣದೇವರಾಯನ ಕಾಲದ ಯತಿಗಳ ಸಮಾಧಿ ಅದು. ಬೆಳಿಗ್ಗೆ ನೋಡಿದರೆ ಕಲ್ಲುಗಳು ಚೆಲ್ಲಾಪಿಲ್ಲಿ. ಭಕ್ತರು ಸೇರಿ ಕೂಡಲೇ ಮತ್ತೆ ಕಟ್ಟಿ ನಿಲ್ಲಿಸಿದರು, ಪೊಲೀಸರು ಆರೋಪಿಗಳನ್ನು ಹಿಡಿದರು. ಹಿರೇಬೆಣಕಲ್‌ನಲ್ಲೂ ನಿಧಿಯ ಆಸೆಗೆ ಕಿತ್ತ ಚಪ್ಪಡಿಗಳಿವೆ. ಅವನ್ನು ಮತ್ತೆ ನಿಲ್ಲಿಸಲು ಅಲ್ಲಿ ಮಠವೂ ಇಲ್ಲ, ಭಕ್ತರೂ ಇಲ್ಲ.

ಆ ಬೆಟ್ಟ ನೋಡುವ ಆಸೆ ಇದ್ದರೆ ಬೆಳಿಗ್ಗೆ ಬೇಗ ಹೊರಡಿ, ಊರಿನವರನ್ನು ದಾರಿ ಕೇಳಿಕೊಂಡು ಹತ್ತಿ, ಕುಡಿಯುವ ನೀರು ಜೊತೆಯಲ್ಲೇ ಒಯ್ಯಿರಿ. ಕಿಂಡಿಯ ಫೋಟೊ ತೆಗೆದುಕೊಳ್ಳಿ, ಆದರೆ ಒಳಗೆ ತೂರಲು ಹೋಗಬೇಡಿ. ಚಪ್ಪಡಿಗಳು ಗಾರೆ ಇಲ್ಲದೆ ಒಂದಕ್ಕೊಂದು ಆತುಕೊಂಡು ನಿಂತಿವೆ. ಫೋಟೊ ಗ್ರೂಪಿಗೆ ಹಾಕುವಾಗ ಕೆಳಗೆ ಊರಿನ ಹೆಸರನ್ನೂ ‘ಶಿಲಾಸಮಾಧಿ’ ಎಂಬ ಪದವನ್ನೂ ಬರೆಯಿರಿ.